ಲವಣ ವಿಚಾರ

ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ, ಗಣಿಗಳ ವಿಷಯವನ್ನು ಹೇಳುವ ಹನ್ನೆರಡನೆಯ ಅಧ್ಯಾಯದ ಕೊನೆಯ ಭಾಗದಲ್ಲಿ, ಲವಣಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳು ಹೇಳಲ್ಪಟ್ಟಿವೆ. ಉಪ್ಪಿನಲ್ಲಿ ಅರಸನಿಗೆ ಸಲ್ಲತಕ್ಕ ಪಾಲನ್ನು ಅವನು ಕಾಲಕಾಲಕ್ಕೆ ಸಂಗ್ರಹಿಸತಕ್ಕದ್ದು. ಹೊರದೇಶದಿಂದ ಬಂದ ಉಪ್ಪಿನಲ್ಲಿ ಆರನೆಯ ಒಂದು ಪಾಲು ಅರಸನದು. ಕಲಬೆರಕೆಯ ಉಪ್ಪನ್ನು ಮಾರಿದವನಿಗೆ ಉತ್ತಮದಂಡ. ಅಪ್ಪಣೆಯಿಲ್ಲದೆ ಉಪ್ಪಿನಿಂದ ಜೀವಿಸುವವನಿಗೂ ಅದೇ ದಂಡ, ವಾನಪ್ರಸ್ಥರು ಮಾತ್ರ ಇದಕ್ಕೆ ಹೊರತು. ಇಷ್ಟು ಬಿಗಿಯಾಗಿ ಕಟ್ಟಿದ ಶಾಸ್ತ್ರಕಾರನು ಒಡನೆಯೇ ಒಂದು ಗಂಟನ್ನು ಸಡಿಲಿಸುತ್ತಾನೆ. ಶ್ರೋತ್ರಿಯರೂ ತಪಸ್ವಿಗಳೂ ವಿಷ್ಟಿಗಳೂ ತಮ್ಮ ಊಟಕ್ಕೆ ಬೇಕಾದಷ್ಟು ಉಪ್ಪನ್ನು ಸುಂಕವಿಲ್ಲದೆ ಒಯ್ಯಬಹುದೆಂದು ಅವನ ಮತ. ವಿಷ್ಟಿಯೆಂದರೆ ಕೂಲಿಯಿಲ್ಲದೆ ದುಡಿಯುವವನು. ನಮ್ಮ ‘ಬಿಟ್ಟಿ’ ಎಂಬ ಮಾತು ಆ ಶಬ್ದದ ತದ್ಭವವೇ ಆಗಿದೆ. ವೇದವನ್ನು ಓದಿದವನ ಪಂಕ್ತಿಯಲ್ಲಿಯೇ ಬಿಟ್ಟಿಯಾಳನ್ನೂ ಕುಳ್ಳಿರಿಸಿದ ಈ ಸೂತ್ರವನ್ನು ಪಾಠ ಹೇಳುವವರು ಹೆಚ್ಚಾಗಿ ವೇಗದಿಂದ ದಾಟಿಬಿಡುವುದುಂಟು.

ಆ ಉಪ್ಪಿಗೆ ಕೌಟಿಲ್ಯನು ಇಟ್ಟ ಹೆಸರು ಭಕ್ತಲವಣ, ಎಂದರೆ ಅನ್ನದ ಉಪ್ಪು. ವ್ಯಾಪಾರದ ಉಪ್ಪು ಬೇರೆ, ಅನ್ನದ ಉಪ್ಪು ಬೇರೆ; ಮೊದಲನೆಯದರ ಮೇಲೆ ಅರಸನ ಕೈ ಎಷ್ಟು ಉದ್ದಕ್ಕೆ ಚಾಚಿದರೂ ಎರಡನೆಯದರ ಬಳಿ ಅದು ಸ್ವಲ್ಪ ಹಿಂದೆಗೆಯಬೇಕು ಎಂಬ ಅಭಿಪ್ರಾಯವು ಈ ಒಂದು ಪದದಲ್ಲಿ ಅಡಗಿದೆ. ಈ ಭೇದವು ನಮ್ಮ ಕರಾವಳಿಯಲ್ಲಿ ಯಾವಾಗ ಉಳಿಯಿತು, ಯಾವಾಗ ಅಳಿಯಿತು, ಈಗ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಕುಮಟಾ ತಾಲೂಕಿನಲ್ಲಿ ಗೋಕರ್ಣದ ಸಮೀಪ, ಅಘನಾಶಿನಿಯ ಅಳಿವೆಯ ಬದಿಯಲ್ಲಿರುವ ಸಾಣಿಕಟ್ಟಾದ ಆಗರವನ್ನು ನಮ್ಮ ಜಿಲ್ಲೆಯಲ್ಲಿ ನೋಡದವರು ಕಡಿಮೆ. ನಮ್ಮ ನುಡಿಯಲ್ಲಿ ಉಪ್ಪನ್ನು ‘ಬೆಳೆಯುತ್ತಾರೆ’; ಮಾಡುತ್ತಾರೆ ಎನ್ನುವುದಕ್ಕಿಂತ ಈ ಮಾತೇ ವಸ್ತುಸ್ಥಿತಿಗೆ ಹತ್ತಿರವಾದದ್ದು. ಮಳೆಗಾಲದ ನೀರು ಇಳಿದ ಮೇಲೆ ಕಟ್ಟೆಗಳನ್ನು ಸರಿಪಡಿಸಿ, ಭರತದ ಕಾಲದಲ್ಲಿ ಸಮುದ್ರದ ನೀರನ್ನು ಒಳಕ್ಕೆ ಬಿಟ್ಟುಕೊಂಡು, ಒಂದು ಪಾತಿಯಿಂದ ಇನ್ನೊಂದು ಪಾತಿಗೆ ಹರಿಯಿಸುತ್ತ ಬಿಸಿಲಿಗೆ ಗಟ್ಟಿಯಾಗಿಸುತ್ತಾರೆ. ಕೊನೆಯ ಪಾತಿಯ ನೆಲವನ್ನು ಮೊದಲೇ ತುಳಿದು ಬಡಿದು ಹದ ಮಾಡಿರಬೇಕು. ನೆಲ ಹದವಾಗದಿದ್ದರೆ ಉಪ್ಪಿಗೆ ಮಣ್ಣು ಹತ್ತುತ್ತದೆ. ಹರಳು ಕಟ್ಟಿದುದನ್ನು ಎಳೆದು ದಂಡೆಗೆ ಒಟ್ಟುತ್ತಾರೆ. ಬೇಸಗೆ ಮುಗಿದು ಮೊದಲ ದೊಡ್ಡ ಮಳೆ ಬಿದ್ದೊಡನೆ ಆ ವರ್ಷದ ಬೆಳೆ ಮುಗಿಯಿತು. ಆ ಮಳೆ ಹದಿನೈದು ದಿನ ಮುಂಚೆ ಬಂದರೆ ನಷ್ಟ. ಅದೇ ಅಳಿವೆಯ ಗಜನಿ ಭೂಮಿಗಳಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗವೆಂಬ ಭತ್ತ ಬೆಳೆಯುತ್ತದೆ. ಕಟ್ಟೆ, ತೂಬು, ಭರತ, ಇಳಿತ, ಮಳೆಯ ಭಯ ಇವೆಲ್ಲವೂ ಇಬ್ಬರಿಗೂ ಸಮಾನವಾದುದರಿಂದ, ಆಗರದವನನ್ನು ರೈತನೆಂದು ಎಣಿಸದೆ ಕಾರಖಾನೆಯವನೆಂದು ಎಣಿಸುವುದು ನನಗೆ ಸರಿದೋರುವುದಿಲ್ಲ.

ಕಂಪನಿಯವರು ಮದ್ರಾಸ್ ಆಧಿಪತ್ಯದಲ್ಲಿ 1805ರಲ್ಲಿ ಉಪ್ಪಿನ ಏಕಸ್ವಾಮ್ಯವನ್ನು ಸ್ಥಾಪಿಸಿದರು. ಸ್ವಲ್ಪ ಕಾಲದಲ್ಲಿಯೇ ಅದು ಪಶ್ಚಿಮದ ಕರಾವಳಿಗೂ ವ್ಯಾಪಿಸಿತು. ಬೆಳೆದವನು ಸರಕಾರಕ್ಕೆ ಗೊತ್ತಾದ ಬೆಲೆಗೆ ಕೊಡಬೇಕು, ಉಣ್ಣುವವನು ಸರಕಾರ ಹೇಳಿದ ಬೆಲೆಗೆ ಕೊಳ್ಳಬೇಕು. ನಡುವೆ ಇವರಿಬ್ಬರೂ ಒಬ್ಬರನ್ನೊಬ್ಬರು ನೋಡಕೂಡದು. ನಮ್ಮ ಜಿಲ್ಲೆಯು 1862ರಲ್ಲಿ ಮದ್ರಾಸಿನಿಂದ ಮುಂಬಯಿಗೆ ಸೇರಿತಾದರೂ ಆಗರದ ಕಾವಲು ಸಡಿಲವಾಗಲಿಲ್ಲ. 1882ರಲ್ಲಿ ಮಣಕ್ಕೆ ಎರಡು ರೂಪಾಯಿಯಾಗಿದ್ದ ತೆರಿಗೆಯು 1888ರಲ್ಲಿ ಎರಡೂವರೆಗೆ ಏರಿ, ಈ ಶತಮಾನಕ್ಕೆ ಹಿಂದಿನ ಶತಮಾನದ ಆರಂಭದಲ್ಲಿ ಇಳಿಯುತ್ತ ಬಂದು 1907ರಲ್ಲಿ ಒಂದು ರೂಪಾಯಿಗೆ ನಿಂತಿತು. ಯುದ್ಧಕಾಲದಲ್ಲಿ ನಾಲ್ಕಾಣೆ ಏರಿತು. 1923ರಲ್ಲಿ ಕೇಂದ್ರ ಶಾಸನಸಭೆಯ ಅಸಮ್ಮತಿಯನ್ನು ಮೀರಿ ವೈಸರಾಯರು ತಮ್ಮ ವಿಶೇಷಾಧಿಕಾರದಿಂದ ಅದನ್ನು ಇಮ್ಮಡಿಸಿದರು. ಮರುವರ್ಷ ಮತ್ತೆ ಒಂದೂಕಾಲು ರೂಪಾಯಿಗೆ ತಂದರು. ಧನಿಕನೂ ಕೂಲಿಯವನೂ ಉಣ್ಣುವ ಉಪ್ಪಿನ ತೂಕ ಹೆಚ್ಚುಕಡಮೆ ಒಂದೇ ಆದುದರಿಂದ, ಈ ಭಾರ ಯಾರ ಬೆನ್ನಿನ ಮೇಲೆ ಕುಳಿತಿತೆಂದು ಬೇರೆ ಹೇಳಬೇಕಾಗಿಲ್ಲ.

ಘಟ್ಟದ ಮೇಲಿನ ಕಥೆ ಇನ್ನೂ ವಿಚಿತ್ರವಾದದ್ದು. ಮೈಸೂರು ಸೀಮೆಗೆ ಸಮುದ್ರವಿಲ್ಲ. ಅಲ್ಲಿ ಉಪ್ಪಾರರು ಸವಳು ಮಣ್ಣನ್ನು ತೊಳೆದು, ಆ ನೀರನ್ನು ಬತ್ತಿಸಿ ಉಪ್ಪು ತೆಗೆಯುತ್ತಿದ್ದರು. ವೈದ್ಯಗ್ರಂಥಗಳು ಔದ್ಭಿದವೆಂದು ಕರೆಯುವುದು ಇಂಥ ನೆಲದ ಉಪ್ಪನ್ನೇ. 1881ರಲ್ಲಿ ರಾಜ್ಯವನ್ನು ಒಡೆಯರ ವಂಶಕ್ಕೆ ಹಿಂದಿರುಗಿಸಿದಾಗ ಬರೆಸಿಕೊಂಡ ಪತ್ರದಲ್ಲಿ, ಉಪ್ಪು ಮತ್ತು ಅಫೀಮುಗಳ ತಯಾರಿಕೆಯನ್ನು ನಿಲ್ಲಿಸುವ ಅಥವಾ ಮಿತಗೊಳಿಸುವ ವಿಷಯದಲ್ಲಿ ಮಹಾರಾಜರು ಗವರ್ನರ್ ಜನರಲರ ಇಷ್ಟದಂತೆ ನಡೆಯತಕ್ಕದ್ದೆಂಬ ಒಂದು ಷರತ್ತು ಇದ್ದಿತು. ಅಮಲಿನ ಪದಾರ್ಥವನ್ನೂ ಅನ್ನದ ಉಪ್ಪನ್ನೂ ಒಂದೇ ವಾಕ್ಯದಲ್ಲಿ ಕಟ್ಟಿದವರ ದೃಷ್ಟಿಯಲ್ಲಿ ಭಕ್ತಲವಣವೆಂಬುದು ಇರಲೇ ಇಲ್ಲವೆಂದು ಹೇಳಬಹುದು.

1930ರ ಏಪ್ರಿಲ್ 6ರಂದು ಮಹಾತ್ಮರು ದಾಂಡಿಯಲ್ಲಿ ಕಾಯಿದೆಯನ್ನು ಮುರಿದುದೂ, ಅದಾದ ಏಳನೆಯ ದಿನ, ಏಪ್ರಿಲ್ 13ರಂದು, ಎಂ. ಪಿ. ನಾಡಕರ್ಣಿಯವರು ಮುಂದಾಗಿ ನಿಂತು ಅಂಕೋಲೆಯಲ್ಲಿ ಉಪ್ಪು ತಯಾರಿಸಿದುದೂ, ತರುವಾಯ ಜನರು ಸಾವಿರಗಟ್ಟಲೆಯಾಗಿ ಸಾಣಿಕಟ್ಟಾದ ಆಗರಕ್ಕೆ ನುಗ್ಗಿ ಉಪ್ಪು ಹೊತ್ತುದೂ ಈ ಪತ್ರಿಕೆಯ ವಾಚಕರಿಗೆ ಹೊಸ ಸಂಗತಿಗಳಲ್ಲ. ಇವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅಷ್ಟಾಗಿ ಯಾರೂ ಓದದಿರುವುದು 1931ರ ಮಾರ್ಚ್ 5ರ ಗಾಂಧಿ–ಇರ್ವಿನ್ ಒಪ್ಪಂದದೊಳಗಿನ ಉಪ್ಪಿನ ಪ್ರಕರಣ. ತೆರಿಗೆಯನ್ನು ತೆಗೆಯಲು ಸರಕಾರವು ಒಪ್ಪಲಿಲ್ಲ. ಕಾಯಿದೆಯ ಭಂಗವನ್ನು ಮನ್ನಿಸಲೂ ಒಪ್ಪಲಿಲ್ಲ. ಆದರೆ ಉಪ್ಪು ಸಿಕ್ಕುವ ಅಥವಾ ಆಗುವ ಸ್ಥಳಕ್ಕೆ ಹೊಂದಿಕೊಂಡ ಹಳ್ಳಿಗಳ ಜನರು ತಮ್ಮ ಮನೆಬಳಕೆಗೂ, ಆ ಹಳ್ಳಿಗಳೊಳಗೇ ಮಾರುವುದಕ್ಕೂ ಉಪ್ಪನ್ನು ಕೂಡಿಹಾಕಬಹುದು, ಮಾಡಬಹುದು. ಹೊರಗಿನವರಿಗೆ ಮಾತ್ರ ಮಾರಕೂಡದು ಎಂದು ಅನುಮತಿಯಿತ್ತಿತು. ಕೌಟಿಲ್ಯನ ಅನುಮತಿಯು ಒಯ್ಯುವುದಕ್ಕೆ ಮಾತ್ರ ಇದ್ದಿತು. ಇಲ್ಲಿ ನೆರೆಯವನಿಂದ ಕೊಳ್ಳುವುದೂ ಸೇರಿತು. ಪರಕೀಯರೇ ಆದರೂ ಇರ್ವಿನ್ ಸಾಹೇಬರು ಈ ಒಂದು ವಾಕ್ಯದಲ್ಲಿ ಶಾಸ್ತ್ರಕಾರನಿಗಿಂತ ಒಂದು ಹೆಜ್ಜೆ ಮುಂದೆ ಹೋದರೆಂಬುದನ್ನು ಒಪ್ಪಬೇಕು.

1947ರ ಏಪ್ರಿಲ್ 1ರಿಂದ ತೆರಿಗೆ ಹೋಯಿತು. ಮರುವರ್ಷ, ಹತ್ತು ಎಕರೆಯೊಳಗಿನ ಭೂಮಿಯಲ್ಲಿ ಉಪ್ಪು ಬೆಳೆಯುವವರಿಗೆ ಪರವಾನಗಿಯ ಅವಶ್ಯಕತೆಯಿಲ್ಲವೆಂದಾಯಿತು. 1952ರಲ್ಲಿ ಸಾಣಿಕಟ್ಟಾದ ಆಗರದ ಒಡೆಯರು ನಾಗರಬೈಲ್ ಉಪ್ಪಿನ ಮಾಲಕರ ಸಹಕಾರಿ ಸಂಘವನ್ನು ಕಟ್ಟಿಕೊಂಡರು. ಅಲ್ಲಿಂದ ಸುಮಾರು ಐವತ್ತು ವರ್ಷ, ಆಗರದ ಉಪ್ಪನ್ನು ಯಾರು ಬೇಕಾದರೂ ಯಾರಿಂದ ಬೇಕಾದರೂ ಕೊಂಡರು. ಇತಿಹಾಸಕಾರನಿಗೆ ಬರೆಯಲು ಏನೂ ಇಲ್ಲದ ಕಾಲವೇ ಜನರಿಗೆ ಒಳ್ಳೆಯ ಕಾಲವಿರಬೇಕು.

ಈ ನಡುವೆ ಇನ್ನೊಂದು ದಿಕ್ಕಿನಿಂದ ಒಂದು ನ್ಯಾಯವಾದ ಪ್ರಶ್ನೆ ಎದ್ದಿತು. ಗಳಗಂಡವೆಂದು ಸುಶ್ರುತನು ವರ್ಣಿಸಿದ ಕೊರಳಿನ ಬಾವು, ನೆಲದಲ್ಲಿಯೂ ನೀರಿನಲ್ಲಿಯೂ ಅಯೋಡಿನ್ ಎಂಬ ಧಾತುವು ಸಾಲದಿರುವುದರಿಂದ ಬರುವುದೆಂದು ಆಧುನಿಕ ವೈದ್ಯರು ನಿರ್ಣಯಿಸಿದರು. ಬಾವು ಕಣ್ಣಿಗೆ ಕಾಣುವ ಭಾಗ ಮಾತ್ರ. ಗರ್ಭಿಣಿಗೆ ಆ ಧಾತುವಿನ ಕೊರತೆಯಾದರೆ ಶಿಶುವಿನ ಮೆದುಳಿನ ಬೆಳವಣಿಗೆಯೇ ಕುಂಠಿತವಾಗುತ್ತದೆ. ಹಿಮಾಲಯದ ಕಾಂಗ್ಡಾ ಕಣಿವೆಯಲ್ಲಿ ಡಾಕ್ಟರ್ ವಿ. ರಾಮಲಿಂಗಸ್ವಾಮಿಯವರೂ ಅವರ ಸಂಗಡಿಗರೂ 1956ರಲ್ಲಿ ಆರಂಭಿಸಿದ ಪ್ರಯೋಗದಲ್ಲಿ, ಅಯೋಡಿನ್ ಬೆರೆತ ಉಪ್ಪನ್ನು ಉಂಡ ಊರುಗಳಲ್ಲಿ ರೋಗವು ಸ್ಪಷ್ಟವಾಗಿ ಇಳಿದುದು ಕಂಡುಬಂತು. ಅದರ ಫಲವಾಗಿ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವು ಹುಟ್ಟಿತು. ಇದು ಗುಡ್ಡಗಾಡಿನ ಉತ್ತರದವರ ರೋಗ, ನಮಗೇನು ಎನ್ನುವಂತೆಯೂ ಇಲ್ಲ. ಮಳೆ ಮಣ್ಣನ್ನು ತೊಳೆದುಹಾಕುವ ನಮ್ಮ ಮಲೆನಾಡಿನಲ್ಲಿಯೂ ಅದು ಕಾಣಿಸಿಕೊಂಡಿದೆ. ‘ಸಮುದ್ರದ ಉಪ್ಪಿನಲ್ಲಿ ಅಯೋಡಿನ್ ತಾನಾಗಿಯೇ ಇದೆ’ ಎಂದು ಆಗರದ ಪಕ್ಷದವರು ವಾದಿಸುವುದನ್ನು ಕೇಳಿದ್ದೇನೆ. ಆ ವಾದ ನಿಲ್ಲತಕ್ಕದ್ದಲ್ಲ. ಸಮುದ್ರದ ಮೀನಿನಲ್ಲಿಯೂ ಪಾಚಿಯಲ್ಲಿಯೂ ಅದು ಉಂಟು. ಬಿಸಿಲಿಗೆ ಬತ್ತಿಸಿದ ಉಪ್ಪಿನಲ್ಲಿ ಉಳಿಯುವುದು ಅತ್ಯಲ್ಪ. ಮೀನನ್ನು ತಿನ್ನದ ಮನೆಗಳು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು.

ಆದರೆ ರೋಗಕ್ಕೆ ಔಷಧವನ್ನು ಒದಗಿಸುವುದು ಬೇರೆ, ಔಷಧ ಬೆರೆಯದ ಅನ್ನವನ್ನು ಮಾರುವುದು ಅಪರಾಧವೆನ್ನುವುದು ಬೇರೆ. 1998ರ ಮೇ ತಿಂಗಳಿನಿಂದ ಕೇಂದ್ರ ಸರಕಾರವು ಊಟದ ಬಳಕೆಗಾಗಿ ಅಯೋಡಿನ್ ಇಲ್ಲದ ಉಪ್ಪನ್ನು ಮಾರುವುದನ್ನು ದೇಶದಾದ್ಯಂತ ನಿಷೇಧಿಸಿತು. 2000ದಲ್ಲಿ ಆ ನಿಷೇಧವನ್ನು ಹಿಂದಕ್ಕೆ ತೆಗೆದುಕೊಂಡಿತು. 2005ರ ನವೆಂಬರಿನಲ್ಲಿ ಮತ್ತೆ ಪ್ರಕಟಿಸಿ 2006ರ ಮೇ 17ರಿಂದ ಜಾರಿಗೆ ತಂದಿತು. ಬೆಳೆಯುವುದಕ್ಕೆ ಅಡ್ಡಿಯಿಲ್ಲ, ಉಣ್ಣುವುದಕ್ಕೆ ಅಡ್ಡಿಯಿಲ್ಲ. ಒಬ್ಬನು ಬೆಳೆದುದನ್ನು ಇನ್ನೊಬ್ಬನು ಉಣ್ಣಲು ಕೊಳ್ಳುವುದಕ್ಕೆ ಮಾತ್ರ ಅಡ್ಡಿ. ತಯಾರಾಗುವ ಸ್ಥಳದಲ್ಲಿ ಹತ್ತು ಲಕ್ಷ ಪಾಲಿಗೆ 30 ಪಾಲು, ಕೊಳ್ಳುವವನ ಕೈಗೆ ಬರುವಾಗ 15 ಪಾಲು ಅಯೋಡಿನ್ ಇರಬೇಕೆಂಬುದು ಅಂಗೀಕೃತವಾದ ಪ್ರಮಾಣ. ಇದನ್ನು ಸಾಧಿಸಲು ಬೆರೆಸುವ ಯಂತ್ರ, ಪರೀಕ್ಷೆಯ ಸಲಕರಣೆ, ಪೊಟ್ಟಣ ಕಟ್ಟುವ ವ್ಯವಸ್ಥೆ ಬೇಕು. 1983ರಿಂದ ಪೊಟ್ಟಣದ ಉಪ್ಪನ್ನು ಮಾರುತ್ತಿರುವ ಟಾಟಾ ಕಂಪನಿಯಂಥವರಿಗೆ ಅದು ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು. ನಾಲ್ಕು ಪಾತಿ ಇಟ್ಟುಕೊಂಡವನಿಗೆ ಅದು ವರ್ಷದ ಆದಾಯ.

ಈ ನಿಯಮದ ಮೇಲಿನ ವಿವಾದವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ 2011ರ ಜುಲೈ 4ರಂದು ತೀರ್ಪಾಯಿತು. ಆಹಾರ ಕಲಬೆರಕೆಯನ್ನು ತಡೆಯುವ ಅಧಿನಿಯಮದ ಕೆಳಗೆ ಈ ನಿಯಮವನ್ನು ಮಾಡಲಾಗಿತ್ತು. ಅಯೋಡಿನ್ ಸೇರದ ಉಪ್ಪು ಕಲಬೆರಕೆಯದಲ್ಲ, ತನ್ನಷ್ಟಕ್ಕೆ ಆರೋಗ್ಯಕ್ಕೆ ಹಾನಿಕರವೂ ಅಲ್ಲ; ಆದುದರಿಂದ ನಿಯಮವು ಅಧಿನಿಯಮದ ಮೇರೆಯನ್ನು ಮೀರಿದ್ದೆಂದು ನ್ಯಾಯಾಲಯವು ಹೇಳಿತು. ಆದರೂ ಜನಾರೋಗ್ಯವನ್ನು ಯೋಚಿಸಿ, ಸರಕಾರವು ಮುಂದಿನ ದಾರಿಯನ್ನು ನಿರ್ಧರಿಸಲೆಂದು ಆರು ತಿಂಗಳು ಅದನ್ನು ಉಳಿಸಿತು. ಶ್ಲೋಕಕ್ಕೆ ವ್ಯಾಖ್ಯಾನ ಬರೆಯುವ ಪಂಡಿತರಿಗೂ ಮೆಚ್ಚಿಕೆಯಾಗುವಷ್ಟು ಸೂಕ್ಷ್ಮವಾದ ಈ ತೀರ್ಪಿನ ಫಲವನ್ನು ಆಗರದವರು ಉಣ್ಣಲಿಲ್ಲ. ಅದೇ ವರ್ಷ ಆಗಸ್ಟಿನಲ್ಲಿ ಜಾರಿಗೆ ಬಂದ ಆಹಾರ ಸುರಕ್ಷತೆಯ ಹೊಸ ವಿಧಿಗಳಲ್ಲಿ, ಅಯೋಡಿನ್ ಇಲ್ಲದ ಉಪ್ಪನ್ನು ನೇರವಾದ ಊಟದ ಬಳಕೆಗೆ ಮಾರಕೂಡದೆಂಬ ಮಾತು ಬೇರೆ ಅಧಿನಿಯಮದ ಆಶ್ರಯದಲ್ಲಿ ಮತ್ತೆ ಬಂದು ಕುಳಿತಿತು.

ಆ ವಿಧಿಗೆ ಕೆಲವು ವಿನಾಯಿತಿಗಳಿವೆ. ದನಕರುಗಳಿಗಾಗಿ, ಪದಾರ್ಥಗಳನ್ನು ಕೆಡದಂತೆ ಇಡುವುದಕ್ಕಾಗಿ, ಔಷಧಕ್ಕಾಗಿ, ಕೈಗಾರಿಕೆಗಾಗಿ ಎಂದು ಚೀಟಿ ಹಚ್ಚಿ ಬರಿಯ ಉಪ್ಪನ್ನು ಮಾರಬಹುದು. ಹೀಗಾಗಿ ಮಾವಿನ ಮಿಡಿಗೆ ಹಾಕಲೆಂದು ಗೃಹಿಣಿಯು ಕಲ್ಲುಪ್ಪನ್ನು ಕೊಂಡರೆ ವಿಧಿಯು ಸುಮ್ಮನಿರುತ್ತದೆ. ಅದೇ ಹರಳನ್ನು ಸಾರಿಗೆ ಹಾಕಲು ಕೊಳ್ಳುತ್ತೇನೆಂದರೆ ಮಾರಿದವನು ತಪ್ಪಿತಸ್ಥ. ಕೊಟ್ಟಿಗೆಯ ಹಸುವಿಗೆ ಇರುವ ಅವಕಾಶ ಅದನ್ನು ಸಾಕಿದವನಿಗಿಲ್ಲ.

1931ರ ಒಪ್ಪಂದದ ಆ ವಾಕ್ಯವನ್ನು ಈ ವಿಧಿಗೆ ಒಂದು ಪರಂತುಕವಾಗಿ ಸೇರಿಸುವುದು ಅಸಾಧ್ಯವಲ್ಲ. ಆಗರಕ್ಕೆ ಹೊಂದಿಕೊಂಡ ತಾಲೂಕುಗಳೊಳಗೆ, ಬೆಳೆದವನು ಅಥವಾ ಅವನ ಸಹಕಾರಿ ಸಂಘವು ನೇರವಾಗಿ ಮನೆಗಳಿಗೆ ಮಾರುವಾಗ, ‘ಇದರಲ್ಲಿ ಅಯೋಡಿನ್ ಸೇರಿಸಿಲ್ಲ, ಗರ್ಭಿಣಿಯರೂ ಮಕ್ಕಳೂ ಇರುವ ಮನೆಯವರು ಅಯೋಡಿನ್ ಉಪ್ಪನ್ನು ಬಳಸತಕ್ಕದ್ದು’ ಎಂದು ಚೀಲದ ಮೇಲೆ ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆಯಿಸಿ ಅನುಮತಿ ಕೊಡಬಹುದು. ಕಾರವಾರದಿಂದ ಭಟ್ಕಳದವರೆಗಿನ ಪಂಚಾಯತಿಗಳು ಈ ಅರ್ಥದ ಒಂದು ಠರಾವನ್ನು ಮಾಡಿ ಸರಕಾರಕ್ಕೆ ಕಳುಹಿಸುವುದಾದರೆ, ಅದರ ಕರಡನ್ನು ಬರೆದುಕೊಡಲು ನಮ್ಮ ಸಂಘದಲ್ಲಿ ಜನರಿದ್ದಾರೆ.