ಬಣ್ಣದ ಕೆಳಗಿನ ನೆಲ

ಚನ್ನಗಿರಿಯ ನನ್ನ ಗೆಳೆಯನೊಬ್ಬನ ಮನೆಯ ಪಡಸಾಲೆಯಲ್ಲಿ ಸೂಳೆಕೆರೆಯ ತೈಲಚಿತ್ರವೊಂದಿದೆ. ನಾವಿಬ್ಬರೂ ಕಾಲೇಜಿನಲ್ಲಿದ್ದಾಗ ಅವನೇ ಬರೆದದ್ದು. ಎರಡು ಗುಡ್ಡಗಳ ನಡುವೆ ಸಾವಿರ ಅಡಿಯೂ ಇಲ್ಲದ ಏರಿ. ಅದು ತಡೆದು ನಿಲ್ಲಿಸಿದ ನೀರೋ ಕಣ್ಣು ಹಾಯುವವರೆಗೆ. ಗೆಳೆಯ ಈಗಿಲ್ಲ. ಕಳೆದ ಶ್ರಾವಣದಲ್ಲಿ ಹೋಗಿದ್ದಾಗ ಅವನ ತಾಯಿ ಕಾಫಿಯ ಲೋಟವನ್ನು ಕೈಗಿತ್ತವರೇ, "ನೋಡಪ್ಪ, ನಿನ್ ಗೆಳೆಯನ ಕೆರೆ ನೀರು ಉದುರ್ತೈತೆ" ಎಂದರು. ನೀಲಿಯ ಹಕ್ಕಳೆಗಳು ಗೋಡೆಯ ಬುಡದಲ್ಲಿ ಬಿದ್ದಿದ್ದವು. ಆಕೆ ಅವನ್ನು ಗುಡಿಸದೆ, ದಿನವೂ ಒಂದೊಂದಾಗಿ ಆರಿಸಿ, ಕುಂಕುಮದ ಭರಣಿಯೊಂದರಲ್ಲಿ ಹಾಕಿಡುತ್ತಿದ್ದರು.

ಒಂದು ಹಕ್ಕಳೆಯನ್ನು ತಿರುವಿ ನೋಡಿದೆ. ಅದರ ಬೆನ್ನಿಗೆ ಬಿಳಿಯ ಪೊರೆ ಅಂಟಿಕೊಂಡಿತ್ತು. ಎಂದರೆ ಬಣ್ಣವು ನೆಲವನ್ನು ಬಿಟ್ಟಿರಲಿಲ್ಲ. ನೆಲವೇ ಬಟ್ಟೆಯನ್ನು ಬಿಟ್ಟಿತ್ತು. ಇದರ ಕಾರಣವನ್ನು ನಾನು ಬಲ್ಲೆ. ಅಂಗಡಿಯಿಂದ ತಂದ ಹೊಸ ಹಾಸುಬಟ್ಟೆಯನ್ನು ಗಂಜಿ ಹೋಗುವಂತೆ ಒಗೆಯದೆ ಚೌಕಟ್ಟಿಗೆ ಬಡಿದೆವು. ಬಡಗಿಯ ಬಿಳಿ ಅಂಟಿಗೆ ಸತುವಿನ ಪುಡಿಯನ್ನು ಧಾರಾಳವಾಗಿ ಸುರಿದು, ದೋಸೆಹಿಟ್ಟಿನ ಹದಕ್ಕೆ ತಂದು, ಒಂದೇ ಸಲ ದಪ್ಪಗೆ ಬಳಿದೆವು. ಮರುದಿನ ಬೆಳಗ್ಗೆಯೇ ಚಿತ್ರಕ್ಕೆ ಕುಳಿತದ್ದಾಯಿತು. ಆ ಹಿಟ್ಟನ್ನು ಕಲಸಿದ ಕೈ ನನ್ನದೇ.

ನಾನು ಚಿತ್ರಕಾರನಲ್ಲ, ಕನ್ನಡದ ಮೇಷ್ಟರು. ಆದರೂ ಈ ವಿಷಯದಲ್ಲಿ ನಮ್ಮ ಹಿರಿಯರು ಏನು ಹೇಳಿದ್ದಾರೆಂದು ಹುಡುಕಹೊರಟಾಗ ದೂರ ಹೋಗಬೇಕಾಗಲಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸ, ಅಥವಾ ಅಭಿಲಷಿತಾರ್ಥ ಚಿಂತಾಮಣಿ, ನೂರು ಅಧ್ಯಾಯಗಳ ಗ್ರಂಥ. ಇದರ ಮೊದಲ ಭಾಗವನ್ನು 1926ರಲ್ಲಿ ಮೈಸೂರಿನಿಂದ ಸಂಪಾದಿಸಿ ಹೊರತಂದವರು ಆರ್. ಶಾಮಶಾಸ್ತ್ರಿಗಳು, ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಅದೇ ಮಹನೀಯರು. ಸೂಳೆಕೆರೆಯನ್ನು ಕಟ್ಟಿಸಿದಳೆನ್ನುವ ರಾಜಕುವರಿ ಶಾಂತವ್ವನ ಐತಿಹ್ಯವನ್ನೂ ಜನ ಹೆಚ್ಚುಕಡಮೆ ಆ ಕಾಲಕ್ಕೇ ಒಯ್ಯುತ್ತಾರೆ.

ಸೋಮೇಶ್ವರನು ಬಣ್ಣದ ಮಾತಿಗೆ ಬರುವ ಮೊದಲು ಭಿತ್ತಿಯ ಮಾತನ್ನು ಎತ್ತುತ್ತಾನೆ. ಗೋಡೆ ಸುಣ್ಣದ ಗಾರೆಯದಾಗಿ, ನುಣುಪಾಗಿ, ಬಿರುಕಿಲ್ಲದೆ ಇರಬೇಕು. ಎಮ್ಮೆಯ ಹಸಿಯ ತೊಗಲನ್ನು ನೀರಿನಲ್ಲಿ ಬೆಣ್ಣೆಯಂತಾಗುವವರೆಗೆ ಬೇಯಿಸಿ, ಕಡ್ಡಿಗಳಾಗಿ ಮಾಡಿ ಬಿಸಿಲಿನಲ್ಲಿ ಒಣಗಿಸಿದರೆ ಅದೇ ವಜ್ರಲೇಪ. ಬೇಕಾದಾಗ ಮಣ್ಣಿನ ಪಾತ್ರೆಯಲ್ಲಿ ನೀರು ಬೆರೆಸಿ ಕರಗಿಸಿಕೊಳ್ಳುವುದು. ಅದರೊಡನೆ ಬಿಳಿಮಣ್ಣನ್ನು ಕಲಸಿ, ಒಣಗಿದ ಗೋಡೆಗೆ ಮೂರು ಸಲ ಲೇಪಿಸುವುದು. ಆಮೇಲೆ ಶಂಖದ ಪುಡಿ ಮತ್ತು 'ಸಿತಾ' ಸೇರಿದ ಲೇಪ. ಕೊನೆಗೆ ನೀಲಗಿರಿಯಲ್ಲಿ ಸಿಗುವ, ಚಂದ್ರನಂತೆ ಬೆಳ್ಳಗಿರುವ ಒಂದು ಧಾತುವನ್ನು ಕಲ್ಲಿನ ಮೇಲೆ ಅರೆದು, ಅದೇ ಅಂಟಿನಲ್ಲಿ ಕಲಸಿ, ಅಂಗೈಯಿಂದ ಮೆಲ್ಲಗೆ ಸವರುವುದು. ಬಡಗಿಯ ಸರೇಸಿಗೆ ನಮ್ಮಲ್ಲಿ ಮರವಜ್ರ ಎಂಬ ಹಳೆಯ ಹೆಸರುಂಟು. ವಜ್ರಲೇಪದ ಮರಿ ಇದೆಂದು ನನ್ನ ಊಹೆ.

'ಸಿತಾ' ಎಂದರೆ ಸಕ್ಕರೆ ಎಂದು ವಿದ್ವಾಂಸರು ಅರ್ಥ ಮಾಡಿದ್ದಾರೆ. ಚಿತ್ರಕ್ಕೆ ಸಕ್ಕರೆಯೇ ಎಂದು ನನಗೂ ಸಂಶಯ ಬಂದಿತ್ತು. ಆದರೆ 1400ರ ಸುಮಾರಿನಲ್ಲಿ ಇಟಲಿಯ ಚೆನ್ನಿನೋ ಚೆನ್ನಿನಿ ಎಂಬ ಚಿತ್ರಕಾರನು, ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ಅಂಟು ಹಚ್ಚಿ, ಅದರ ಮೇಲಿನ ಬಿಳಿಯ ಲೇಪಕ್ಕೆ ಕೊಂಚ ಹಿಟ್ಟನ್ನೋ ಕೊಂಚ ಸಕ್ಕರೆಯನ್ನೋ ಸೇರಿಸೆಂದು ಬರೆದಿದ್ದಾನೆ. ಕಲ್ಯಾಣವನ್ನು ಅವನು ಕನಸಿನಲ್ಲಿಯೂ ಕಂಡವನಲ್ಲ. ಬರಿಯ ಅಂಟಿನ ಲೇಪ ಒಣಗಿದರೆ ಗಾಜಿನಂತೆ ಪೆಡಸಾಗುತ್ತದೆ. ಸಿಹಿ ಅದನ್ನು ತುಸು ಮೆತುವಾಗಿಸುತ್ತದೆ. ಗಾರೆಗೆ ಬೆಲ್ಲದ ನೀರು ಹಾಕುತ್ತಿದ್ದ ನಮ್ಮ ಗಾರೆಯವರು ಇದನ್ನು ಕೇಳಿ ನಗುತ್ತಿದ್ದರೋ ಏನೋ.

ಮೈಸೂರು ಶೈಲಿಯ ಚಿತ್ರಗಾರರು ಹಲಗೆ ಅಥವಾ ಬಟ್ಟೆಯ ಮೇಲೆ ಕಾಗದವನ್ನು ಅಂಟಿಸಿ ನೆಲ ಮಾಡಿಕೊಂಡರು. ಹುಣಿಸೆಯ ಕಡ್ಡಿ ಸುಟ್ಟ ಇದ್ದಿಲಿನಿಂದ ರೇಖೆ ಎಳೆದರು. ಚಿನ್ನದ ರೇಕು ಹಚ್ಚುವಲ್ಲಿ ಮಕ್ಕಿ ಸಫೇದದ ಉಬ್ಬು ಕೊಟ್ಟರು. ಎಣ್ಣೆಬಣ್ಣ ಅರಮನೆಯ ಮನ್ನಣೆ ಪಡೆದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1906ರಲ್ಲಿ ತೀರಿಕೊಂಡ ರವಿವರ್ಮನ ಕ್ಯಾನ್ವಾಸುಗಳನ್ನು ಜಗನ್ಮೋಹನ ಅರಮನೆಯಲ್ಲಿ ನೋಡದವರು ಕಡಮೆ.

ಆದರೆ ಸೋಮೇಶ್ವರನ ಪಾಕವನ್ನು ಹಾಗೆಯೇ ಕ್ಯಾನ್ವಾಸಿಗೆ ಹಚ್ಚುವಂತಿಲ್ಲ. ಗೋಡೆ ಅಲುಗದು, ಬಟ್ಟೆ ಮಳೆಗಾಲಕ್ಕೊಂದು ಬೇಸಗೆಗೊಂದು ಮೈ ಬದಲಿಸುತ್ತದೆ. ಸರೇಸು ತೇವ ಹೀರಿ ಉಬ್ಬುತ್ತದೆ, ಒಣಗಿ ಸೆಟೆಯುತ್ತದೆ. ಆದ್ದರಿಂದ ಹೊಸದಾಗಿ ಕಲಿಯುವವರು ಮೊದಲು ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಗಿರಣಿಯ ಗಂಜಿಯನ್ನು ಕಳೆಯಬೇಕು. ಚೌಕಟ್ಟಿನ ಪಟ್ಟಿಗಳು ಒಳಬದಿಗೆ ಇಳಿಜಾರಾಗಿರಲಿ; ಇಲ್ಲದಿದ್ದರೆ ಪಟ್ಟಿಯ ಅಂಚಿನ ಗೆರೆ ಚಿತ್ರದ ಮೇಲೆ ಮೂಡುತ್ತದೆ. ಬಿಗಿಯುವಾಗ ಒಂದು ಪಕ್ಕದ ನಡುವೆ ಮೊಳೆ ಹೊಡೆದು, ಎದುರು ಪಕ್ಕದ ನಡುವೆ ಎಳೆದು ಹೊಡೆದು, ಉಳಿದೆರಡಕ್ಕೂ ಹಾಗೆಯೇ ಮಾಡಿ, ಅಲ್ಲಿಂದ ಮೂಲೆಗಳ ಕಡೆಗೆ ಸಾಗಬೇಕು. ಮೂಲೆಯಿಂದ ಆರಂಭಿಸಿದವನಿಗೆ ಸುಕ್ಕು ತಪ್ಪಿದ್ದಲ್ಲ. ಮುಂದೆ ಸಡಿಲವಾದರೆ ಬಿಗಿಮಾಡಲು ಮೂಲೆಗಳಲ್ಲಿ ಮರದ ಬೆಣೆಗಳಿರಲಿ.

ಬಳಿಕ ಅಂಟು. ಸರೇಸಾದರೆ ರಾತ್ರಿ ತಣ್ಣೀರಿನಲ್ಲಿ ನೆನೆಹಾಕಿ, ಬೆಳಗ್ಗೆ ಬಿಸಿನೀರಿನ ಪಾತ್ರೆಯೊಳಗೆ ಪಾತ್ರೆಯಿಟ್ಟು ಕರಗಿಸಬೇಕು. ಕುದಿದರೆ ಅದರ ಕಸುವು ಹೋಗುತ್ತದೆ. ತೆಳ್ಳಗೆ ಒಂದು ಸಲ ಹಚ್ಚಿದರೆ ಸಾಕು. ಇದು ಬರಿಯ ಶಾಸ್ತ್ರಕ್ಕಲ್ಲ: ಅಗಸೆ ಎಣ್ಣೆ ನೇರವಾಗಿ ನೂಲಿಗೆ ಇಳಿದರೆ ವರ್ಷಗಳುರುಳಿದಂತೆ ಬಟ್ಟೆ ಕೊಳೆತು ಹಪ್ಪಳವಾಗುತ್ತದೆ. ಅಂಟು ಪೂರ್ತಿ ಒಣಗಿದ ಮೇಲೆ ಬಿಳಿಯ ಲೇಪ. ಇಂದು ಅಂಗಡಿಯಲ್ಲಿ ಸಿಗುವ ಅಕ್ರಿಲಿಕ್ ಲೇಪವಾದರೂ ಸರಿಯೆ. ದಪ್ಪಗೆ ಒಂದು ಸಲ ಬಳಿಯುವ ಬದಲು ತೆಳ್ಳಗೆ ಎರಡು ಮೂರು ಸಲ, ಒಂದು ಅಡ್ಡಕ್ಕೆ ಒಂದು ಉದ್ದಕ್ಕೆ, ನಡುನಡುವೆ ಒಣಗಲು ಬಿಟ್ಟು, ನಯವಾದ ಉಜ್ಜುಕಾಗದ ಆಡಿಸುತ್ತ. ಪುಡಿ ಹೆಚ್ಚಿ ಅಂಟು ಕಡಮೆಯಾದರೆ ಲೇಪ ಸುಣ್ಣದಂತೆ ಕೈಗೆ ಬರುತ್ತದೆ. ನಾವು ಮಾಡಿದ್ದು ಅದೇ. ಸಿದ್ಧವಾದ ನೆಲವನ್ನು ಕೆಲವು ದಿನ ಬಿಟ್ಟು ಬಣ್ಣ ಮುಟ್ಟಬೇಕು. ಹತ್ತೊಂಬತ್ತರ ಹುಡುಗರಿಗೆ ಕೆಲವು ದಿನವೆಂದರೆ ಒಂದು ಯುಗ.

ಉದುರಿದ್ದನ್ನು ಮತ್ತೆ ಅಂಟಿಸಬಹುದೇ ಎಂದು ತಾಯಿ ಕೇಳಿದರು. ಮೊಮ್ಮಗನ ಗೋಂದಿನ ಬಾಟಲು ಆಗಲೇ ಕೈಯಲ್ಲಿತ್ತು. "ಬೇಡಮ್ಮ, ಅದನ್ನು ಮುಟ್ಟಿಸಬೇಡಿ" ಎಂದೆ. ಬೆಂಗಳೂರಿನಲ್ಲಿ ಈ ಕಸುಬು ಬಲ್ಲವರಿದ್ದಾರೆ. ಅವರ ಕೈ ಸೇರುವವರೆಗೆ ಚಿತ್ರವನ್ನು ತೂಗುಹಾಕಬಾರದು. ಗೋಡೆಯಿಂದ ಇಳಿಸಿ, ಮಂಚದ ಮೇಲೆ ಅಂಗಾತ ಮಲಗಿಸಿದೆವು. ಆಕೆ ಭರಣಿಯನ್ನು ಒಂದು ಬಿಳಿಯ ಟವೆಲಿನ ಮೇಲೆ ಬಗ್ಗಿಸಿದರು. ಹಕ್ಕಳೆಗಳಲ್ಲಿ ಒಂದರ ಅಂಚಿಗೆ ಮಣ್ಣುಗೆಂಪಿನ ಗೆರೆಯಿತ್ತು. ಅದು ಎಲ್ಲಿಯದೆಂದು ನನಗೆ ಹೊಳೆಯಲಿಲ್ಲ. ಆಕೆ ಚಿತ್ರವನ್ನು ಮುಟ್ಟದೆ, ಏರಿಯ ಎಡಗಡೆ, ಗುಡ್ಡ ನೀರಿಗಿಳಿಯುವಲ್ಲಿನ ಕಡಲೆಕಾಳಿನಷ್ಟು ಬಿಳಿಯ ಕಲೆಯ ಮೇಲೆ ಬೆರಳು ಹಿಡಿದು, "ಇಲ್ಲಿದು" ಎಂದರು.