ಪಾಪಾಸುಕಳ್ಳಿ ಹಣ್ಣು

ಕ್ಯಾಕ್ಟೇಸೀ ಕುಟುಂಬದ ಒಪನ್ಷಿಯ ಜಾತಿಯ ಕಳ್ಳಿಗಿಡಗಳಲ್ಲಿ ಬಿಡುವ, ತಿನ್ನಲು ಬರುವ ಹಣ್ಣು. ಗಿಡಕ್ಕೆ ಕನ್ನಡದಲ್ಲಿ ಪಾಪಾಸುಕಳ್ಳಿ, ದಬ್ಬಗಳ್ಳಿ ಎಂಬ ಹೆಸರುಗಳಿವೆ. ಆಂಧ್ರದ ಗಡಿ ದಾಟಿದರೆ ತೆಲುಗಿನಲ್ಲಿ ಇದು ನಾಗಜೆಮುಡು. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಕಲ್ಲುಗುಡ್ಡ ಮತ್ತು ಬೀಳುಗಳಲ್ಲಿ, ಹೊಲದ ಬೇಲಿಗಳಲ್ಲಿ ಕಾಡುಗಿಡವಾಗಿ ಬೆಳೆಯುತ್ತದೆ. ಕಾರೆ, ಎಲಚಿ, ಸೀತಾಫಲಗಳಂತೆ ಕುರಿ ಮೇಯಿಸುವವರೂ ಮಕ್ಕಳೂ ಅಡ್ಡಾಡುತ್ತ ಕಿತ್ತು ತಿನ್ನುವ ಹಣ್ಣು ಇದು.

ಲಕ್ಷಣ: ಚಪ್ಪಟೆಯಾಗಿ ಎಲೆಯಂತೆ ಕಾಣುವ ಭಾಗ ನಿಜಕ್ಕೂ ಗಿಡದ ಕಾಂಡ. ರಾತ್ರಿ ಪತ್ರರಂಧ್ರ ತೆರೆದು ಇಂಗಾಲದ ಡೈಆಕ್ಸೈಡನ್ನು ಹೀರಿ, ಹಗಲು ಮುಚ್ಚಿಕೊಳ್ಳುವುದರಿಂದ ನೀರು ಹೆಚ್ಚು ಆವಿಯಾಗುವುದಿಲ್ಲ. ಬಯಲುಸೀಮೆಯ ಬರವನ್ನು ಗಿಡ ತಾಳಿಕೊಳ್ಳುವುದು ಇದರಿಂದಲೇ. ಇಲ್ಲಿ ಕಾಣುವ ಒಪನ್ಷಿಯ ಡಿಲ್ಲೇನಿ ಪ್ರಭೇದದ ಹೂ ಹಳದಿ. ಹಣ್ಣು ಮಾಗಿದಾಗ ಕಡುನೇರಳೆ ಮಿಶ್ರಿತ ಕೆಂಪು. ತಿರುಳು ಹುಳಿಸಿಹಿ, ಬೀಜ ವಿಪರೀತ. ಸಿಪ್ಪೆಯ ಮೇಲೆ ಅಲ್ಲಲ್ಲಿ ಕುಚ್ಚುಕುಚ್ಚಾಗಿ ಕೂದಲೆಳೆಗಿಂತ ಸಣ್ಣ ಮುಳ್ಳುಗಳಿರುತ್ತವೆ. ಹಣ್ಣನ್ನು ಕವೆಗೋಲಿನಿಂದ ಕೆಡವಿ, ಮರಳಿನಲ್ಲಿ ಉಜ್ಜಿ ಇಲ್ಲವೇ ಬೆಂಕಿಯಲ್ಲಿ ಸುಟ್ಟು ಮುಳ್ಳು ಕಳೆಯಬೇಕು. ಆಮೇಲೆ ಎರಡು ತುದಿ ಕೊಯ್ದು ಸಿಪ್ಪೆ ಬಿಡಿಸಿದರೆ ಒಳಗಿನ ರಸಕ್ಕೆ ಕೈ, ತುಟಿ, ನಾಲಿಗೆ ಎಲ್ಲ ಕೆಂಪಾಗುತ್ತವೆ.

ಇತಿಹಾಸ: ಒಪನ್ಷಿಯದ ತವರು ಅಮೆರಿಕ ಖಂಡ. ಮೆಕ್ಸಿಕೊದಲ್ಲಿ ಇದರ ಹಣ್ಣು ಮತ್ತು ಎಳೆಯ ಕಾಂಡ ಎರಡೂ ಪುರಾತನ ಆಹಾರ. ಆದರೆ ದಕ್ಷಿಣ ಭಾರತದಲ್ಲಿ ಬ್ರಿಟಿಷರು ಈ ಗಿಡದತ್ತ ಗಮನ ಕೊಟ್ಟದ್ದು ಹಣ್ಣಿಗಾಗಿ ಅಲ್ಲ, ಅದರ ಮೇಲೆ ಬದುಕುವ ಕಾಚಿನೀಲ್ ಎಂಬ ಹುಳುವಿಗಾಗಿ. ಆ ಹುಳುವಿನಿಂದ ಬರುವ ಕೆಂಪು ಬಣ್ಣದ ವ್ಯಾಪಾರ ಆಗ ಸ್ಪೇನಿನ ಹಿಡಿತದಲ್ಲಿತ್ತು. ಅದನ್ನು ಮುರಿಯಲೆಂದು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಜೇಮ್ಸ್ ಆ್ಯಂಡರ್ಸನ್ ಮದರಾಸಿನ ಸೈದಾಪೇಟೆಯಲ್ಲಿ ಕಳ್ಳಿತೋಟ ಬೆಳೆಸಿದ. 1800ರಲ್ಲಿ ತೋಟ ಮುಚ್ಚಿದಾಗ ಅಲ್ಲಿನ ಗಿಡಗಳು ಬೆಂಗಳೂರಿನ ಲಾಲ್‌ಬಾಗಿಗೆ ಬಂದವು. ಅದಕ್ಕೂ ಮೊದಲು, 1795ರಲ್ಲಿ, ಬ್ರೆಜಿಲ್‌ನಿಂದ ಭಾರತಕ್ಕೆ ಬಂದಿದ್ದ ಹುಳು ಒಳ್ಳೆಯ ಬಣ್ಣ ಕೊಡುವ ತಳಿಯಾಗಿರಲಿಲ್ಲ. ಬಣ್ಣದ ಉದ್ಯಮ ಕೈಗೂಡಲಿಲ್ಲ, ಕಳ್ಳಿ ಮಾತ್ರ ಉಳಿಯಿತು.

ದನ ನುಗ್ಗದ ಬೇಲಿಯಾಗಿ ಊರೂರಿಗೆ ಹಬ್ಬಿದ ಗಿಡ ಕ್ರಮೇಣ ಹೊಲ, ಗೋಮಾಳಗಳನ್ನು ನುಂಗುವ ಕಳೆಯಾಯಿತು. ಬಣ್ಣಕ್ಕೆ ಬಾರದ ಆ ಬ್ರೆಜಿಲ್ ಹುಳುವನ್ನೇ 1836–38ರಲ್ಲಿ ದಕ್ಷಿಣ ಭಾರತಕ್ಕೆ ತಂದು ಒಂದು ಪ್ರಭೇದದ ಕಳ್ಳಿಯನ್ನು ಹತೋಟಿಗೆ ತರಲಾಯಿತು. ಕಳೆಯೊಂದನ್ನು ಕೀಟದಿಂದ ನಿಗ್ರಹಿಸಿದ ಜಗತ್ತಿನ ಮೊದಲ ಉದಾಹರಣೆಗಳಲ್ಲಿ ಇದೂ ಒಂದು. ಡಿಲ್ಲೇನಿ ಅದಕ್ಕೆ ಜಗ್ಗಲಿಲ್ಲ. 1926ರಲ್ಲಿ ಸಿಂಹಳದಿಂದ ಇನ್ನೊಂದು ಬಗೆಯ ಕಾಚಿನೀಲ್ ತಂದು ಬಿಟ್ಟ ಮೇಲೆ ಕೆಲವೇ ವರ್ಷಗಳಲ್ಲಿ ಅದೂ ವಿರಳವಾಯಿತು. ಮೈಸೂರು ಸರ್ಕಾರದ ಕೀಟಶಾಸ್ತ್ರಜ್ಞ ಕೆ. ಕುಂಞಿಕಣ್ಣನ್ 1930ರಲ್ಲಿ ಮೈಸೂರು ಸಂಸ್ಥಾನದ ಕಳ್ಳಿ ಹತೋಟಿ ಕುರಿತು ಲೇಖನ ಪ್ರಕಟಿಸಿದರು. ಈಗಲೂ ಕಳ್ಳಿಯ ಮೇಲೆ ಬಿಳಿ ಬೂಷ್ಟಿನಂತೆ ಅಂಟಿಕೊಂಡಿರುವ ಹುಳುವನ್ನು ಹಿಸುಕಿದರೆ ಕೆಂಪು ಬಣ್ಣ ಬರುತ್ತದೆ.

ಇದೇ ಹತೋಟಿ ಎಲ್ಲ ಕಡೆ ಒಳಿತು ಮಾಡಲಿಲ್ಲ. 1920ರ ದಶಕದಲ್ಲಿ ಮಡಗಾಸ್ಕರಿನ ದಕ್ಷಿಣ ಭಾಗದಲ್ಲಿ ಹುಳು ಬಿಟ್ಟಾಗ ಬರಗಾಲದಲ್ಲಿ ಜನಕ್ಕೂ ಜಾನುವಾರಿಗೂ ಆಸರೆಯಾಗಿದ್ದ ಕಳ್ಳಿ ನಾಶವಾಗಿ ಕ್ಷಾಮ ತಲೆದೋರಿತು.

ಪೋಷಕಾಂಶ: 100 ಗ್ರಾಂ ತಿರುಳಿನಲ್ಲಿ ಸುಮಾರು 88 ಗ್ರಾಂ ನೀರು, 41 ಕಿಲೊ ಕ್ಯಾಲರಿ ಶಕ್ತಿ, 3.6 ಗ್ರಾಂ ನಾರು, 14 ಮಿ.ಗ್ರಾಂ ಸಿ ಜೀವಸತ್ವ, 56 ಮಿ.ಗ್ರಾಂ ಕ್ಯಾಲ್ಸಿಯಂ, 85 ಮಿ.ಗ್ರಾಂ ಮೆಗ್ನೀಸಿಯಂ, 220 ಮಿ.ಗ್ರಾಂ ಪೊಟ್ಯಾಸಿಯಂ ಇರುತ್ತವೆ. ಈ ಅಂಕಿಗಳು ಕೃಷಿ ತಳಿಯ ಹಣ್ಣಿನವು. ಕಾಡುಹಣ್ಣಿನಲ್ಲಿ ಮಣ್ಣು, ಮಳೆ, ಪ್ರಭೇದಕ್ಕೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತವೆ. ಸಿ ಜೀವಸತ್ವದಲ್ಲಿ ಇದು ಸೀಬೆ, ನೆಲ್ಲಿಗೆ ಸಾಟಿಯಲ್ಲ; ಕ್ಯಾಲ್ಸಿಯಂ ಬೇಕೆನ್ನುವವರಿಗೆ ಇದೇ ಸೀಮೆಯ ರಾಗಿ ಇದೆ. ಮೆಗ್ನೀಸಿಯಂ ಮಾತ್ರ ಹಣ್ಣುಗಳ ನಡುವೆ ಎದ್ದು ಕಾಣುವ ಪ್ರಮಾಣದಲ್ಲಿದೆ. ಹಣ್ಣಿನ ಬಣ್ಣಕ್ಕೆ ಕಾರಣ ಬೀಟಲೇನ್‌ಗಳು. ಇವುಗಳಲ್ಲೊಂದಾದ ಬೀಟಾನಿನ್ ಬೀಟ್‌ರೂಟ್‌ನಲ್ಲಿಯೂ ಇದೆ.

ಆರೋಗ್ಯ: ಇಟಲಿಯ ಪಲೆರ್ಮೊ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 18 ಮಂದಿ ಆರೋಗ್ಯವಂತರಿಗೆ ದಿನಕ್ಕೆ ಎರಡು ಸಲ 250 ಗ್ರಾಂ ತಿರುಳನ್ನು ಎರಡು ವಾರ ಕೊಟ್ಟಾಗ ದೇಹದಲ್ಲಿನ ಉತ್ಕರ್ಷಣದ ಹಾನಿ ಸೂಚಿಸುವ ಅಂಶಗಳು ತಗ್ಗಿದವು, ಹೋಲಿಕೆಗೆ ಕೊಟ್ಟ ಸಿ ಜೀವಸತ್ವದಿಂದ ಆ ಪರಿಣಾಮ ಸಿಗಲಿಲ್ಲ. ಪ್ರಯೋಗ ಚಿಕ್ಕದು, ಬಳಸಿದ್ದು ಕೃಷಿ ತಳಿಯ ಹಣ್ಣು. ಮಧುಮೇಹಕ್ಕೆ ಸಂಬಂಧಿಸಿದ ಮೆಕ್ಸಿಕೊದ ಹೆಸರಾಂತ ಪ್ರಯೋಗಗಳು ಕಾಂಡದ ಮೇಲೆ ನಡೆದವು. ಆದ್ದರಿಂದ ಈ ಹಣ್ಣನ್ನು ಸಕ್ಕರೆ ಕಾಯಿಲೆಗೆ ಮದ್ದೆಂದು ಮಾರುವುದಕ್ಕೆ ತಕ್ಕ ಆಧಾರವಿಲ್ಲ.

ಎಚ್ಚರ: ಸಣ್ಣ ಮುಳ್ಳು ಚರ್ಮ, ಬಾಯಿ, ಗಂಟಲಿಗೆ ಚುಚ್ಚಿದರೆ ತುರಿಕೆ, ಉರಿ ಬರುತ್ತದೆ. ಗಟ್ಟಿ ಬೀಜಗಳನ್ನು ಹೆಚ್ಚಾಗಿ ನುಂಗಿದರೆ ಮಲ ಕಟ್ಟಿಕೊಳ್ಳಬಹುದು. ತಿಂದ ಮೇಲೆ ಮೂತ್ರ ಕೆಂಪಾದರೆ ಅದು ಹಣ್ಣಿನ ಬಣ್ಣವೂ ಆಗಿರಬಹುದು. ಚದುರಗಳ್ಳಿ, ಎಲೆಗಳ್ಳಿಗಳು ಬೇರೆಯೇ ಕುಟುಂಬದವು. ಅವುಗಳ ಹಾಲು ವಿಷ, ಕಣ್ಣಿಗೆ ಬಿದ್ದರೆ ಅಪಾಯ.

ಇಂದಿನ ಸ್ಥಿತಿ: ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2017ರಲ್ಲಿ ಒಪನ್ಷಿಯದ ಕೃಷಿ, ಬಳಕೆ ಕುರಿತು ಗ್ರಂಥ ಪ್ರಕಟಿಸಿ, ಒಣಭೂಮಿಯ ಆಹಾರವಾಗಿ ಇದರತ್ತ ಗಮನ ಸೆಳೆಯಿತು. ಭಾರತದಲ್ಲಿ ಮುಳ್ಳಿಲ್ಲದ ತಳಿಯನ್ನು ಮುಖ್ಯವಾಗಿ ಮೇವಿಗಾಗಿ ಬೆಳೆಸುವ ಪ್ರಯತ್ನಗಳಿವೆ. ತುಮಕೂರು ಜಿಲ್ಲೆಯ ಹಿರೇಹಳ್ಳಿಯಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರಕ್ಕೆ 2023ರಲ್ಲಿ ಡ್ರ್ಯಾಗನ್ ಹಣ್ಣಿನ ಉತ್ಕೃಷ್ಟತಾ ಕೇಂದ್ರ ಮಂಜೂರಾಯಿತು. ಆ ಹಣ್ಣೂ ಕ್ಯಾಕ್ಟೇಸೀ ಕುಟುಂಬದ್ದೇ. ಆದರೆ ಬೀಜ, ಮುಳ್ಳು, ಕಳೆಯಾಗಿ ಹಬ್ಬುವ ಗುಣ ಇವುಗಳಿಂದಾಗಿ ಕಾಡು ಪಾಪಾಸುಕಳ್ಳಿಯನ್ನು ಹೊಲಕ್ಕೆ ತರುವುದು ವಿವೇಕವಲ್ಲ. ಬೇಲಿಯಲ್ಲಿ ಬಿಟ್ಟದ್ದನ್ನು ಶುಚಿ ಮಾಡಿ ಹಿತಮಿತವಾಗಿ ತಿಂದರೆ ಅದು ಒಳ್ಳೆಯ ಕಾಡುಹಣ್ಣು; ಹಣ್ಣಿಗಾಗಿಯೇ ಬೆಳೆಯುವುದಾದರೆ ಮುಳ್ಳಿಲ್ಲದ ತಳಿಯೇ ತಕ್ಕದ್ದು.