ಸಂವತ್ಸರನಾಮದಲ್ಲಿ ಅಡಗಿದ ಕಾಲಗಣನೆ

ನಮ್ಮ ಪೂರ್ವಿಕರು ಸಂಖ್ಯೆಗಳನ್ನು ಪದಗಳಲ್ಲಿ ಅಡಗಿಸಿಡುವ ಪದ್ಧತಿಯನ್ನು ಬೆಳೆಸಿಕೊಂಡಿದ್ದರು. ತಾಳೆಗರಿಯ ಗ್ರಂಥವನ್ನು ಪ್ರತಿ ಮಾಡುವಾಗ ಅಂಕಿಯೊಂದು ತಪ್ಪಿದರೆ ತಿಳಿಯುವುದು ಕಷ್ಟ. ಶ್ಲೋಕದ ಪದ ತಪ್ಪಿದರೆ ಛಂದಸ್ಸೇ ಅದನ್ನು ಎತ್ತಿ ತೋರಿಸುತ್ತದೆ. ಇಂತಹ ಪದ್ಧತಿಗಳಲ್ಲಿ ‘ಕಟಪಯಾದಿ’ ಪ್ರಸಿದ್ಧವಾದುದು. ಇದರಲ್ಲಿ ಕ, ಟ, ಪ, ಯ ಎಂಬ ಅಕ್ಷರಗಳಿಂದ ಒಂದು, ಎರಡು ಎಂದು ಎಣಿಕೆ ಆರಂಭವಾಗುತ್ತದೆ. ದೊರೆತ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಮಹಾಭಾರತಕ್ಕೆ ‘ಜಯ’ ಎಂಬ ಹೆಸರುಂಟಷ್ಟೆ. ಜಕಾರಕ್ಕೆ 8, ಯಕಾರಕ್ಕೆ 1. ತಿರುಗಿಸಿ ಓದಿದರೆ 18. ಪರ್ವಗಳು 18, ಗೀತೆಯ ಅಧ್ಯಾಯಗಳು 18, ಯುದ್ಧದ ದಿನಗಳೂ 18!

ನಿತ್ಯಸಂಕಲ್ಪದಲ್ಲಿ ಉಚ್ಚರಿಸುವ ಸಂವತ್ಸರನಾಮವೂ ಇಂತಹುದೇ ಒಂದು ಸಂಖ್ಯೆ. ಪ್ರಭವದಿಂದ ಅಕ್ಷಯದವರೆಗೆ ಹೆಸರುಗಳು 60. ಶಾಲಿವಾಹನ ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಸಂವತ್ಸರದ ಕ್ರಮಾಂಕ, ಶೇಷವಿಲ್ಲದಿದ್ದರೆ ಅಕ್ಷಯ. ಶ್ರೀರಾಘವೇಂದ್ರತೀರ್ಥರು ಬೃಂದಾವನಸ್ಥರಾದುದು ಶಕ 1593ರಲ್ಲಿ (ಕ್ರಿ.ಶ. 1671). 12 ಕೂಡಿಸಿದರೆ 1605; ಶೇಷ 45. ನಲವತ್ತೈದನೆಯದು ವಿರೋಧಿಕೃತ್. ಪರಂಪರೆಯು ಹೇಳುವುದೂ ಅದೇ ಹೆಸರನ್ನು.

ಆದರೆ ಇಲ್ಲೊಂದು ತೊಡಕುಂಟು. ಹೆಸರು ತಿಳಿಸುವುದು ಶೇಷವನ್ನು ಮಾತ್ರ. ಎಷ್ಟನೆಯ ಆವರ್ತ ಎಂಬುದನ್ನು ಅದು ಹೇಳದು. ಶ್ರೀಮದಾನಂದತೀರ್ಥ ಭಗವತ್ಪಾದಾಚಾರ್ಯರ ಕಾಲನಿರ್ಣಯದಲ್ಲಿ ಉದ್ಭವಿಸಿದುದು ಈ ತೊಡಕೇ. ಮಠಗಳ ಹಳೆಯ ಪಟ್ಟಿಗಳಲ್ಲಿ ಅವತಾರವು ವಿಳಂಬಿ ಸಂವತ್ಸರದಲ್ಲಿ, ಅದೃಶ್ಯರಾದುದು 79 ವರ್ಷಗಳ ತರುವಾಯ ಪಿಂಗಳದಲ್ಲಿ ಎಂದಿದೆ. ಜೊತೆಗೆ ಕಾಣುವ ಶಕವರ್ಷಗಳು 1040 ಮತ್ತು 1119. ಹೆಸರು, ಸಂಖ್ಯೆ ಎರಡೂ ಗಣಿತಕ್ಕೆ ಸರಿಹೊಂದುತ್ತವೆ.

ಈ ಲೆಕ್ಕವನ್ನು ಪ್ರಶ್ನಿಸಿದುದು ಒಂದು ಶಿಲೆ. ಅಂದು ಮದರಾಸು ಪ್ರಾಂತ್ಯಕ್ಕೆ ಸೇರಿದ್ದ, ಇಂದು ಆಂಧ್ರದ ಶ್ರೀಕಾಕುಳಂ ಜಿಲ್ಲೆಯಲ್ಲಿರುವ ಶ್ರೀಕೂರ್ಮ ಕ್ಷೇತ್ರದ ಶಾಸನವದು. ವಿದ್ವಾಂಸರಾದ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ‘ಎಪಿಗ್ರಾಫಿಯಾ ಇಂಡಿಕಾ’ದ ಆರನೆಯ ಸಂಪುಟದಲ್ಲಿ ಪ್ರಕಟಿಸಿದರು. ಆಚಾರ್ಯರ ಸಾಕ್ಷಾತ್ ಶಿಷ್ಯರಾದ ಶ್ರೀನರಹರಿತೀರ್ಥರು ಅಲ್ಲಿ ಯೋಗಾನಂದ ನರಸಿಂಹನಿಗೆ ಆಲಯ ನಿರ್ಮಿಸಿದ ವಿಷಯ ಅದರಲ್ಲಿದೆ. ಕಾಲ ಶಕ 1203, ಅಂದರೆ ಕ್ರಿ.ಶ. 1281. ಗುರುಗಳು ಶಕ 1119ರಲ್ಲಿಯೇ ಅದೃಶ್ಯರಾಗಿದ್ದರೆ, ಶಿಷ್ಯರು 84 ವರ್ಷಗಳ ನಂತರ ಆಲಯ ಕಟ್ಟಿಸಿದರೆಂದಾಗುತ್ತದೆ. ಇದು ಸಂಭವನೀಯವೆನಿಸದು.

ಎರಡು ಆವರ್ತಗಳನ್ನು, ಅಂದರೆ 120 ವರ್ಷಗಳನ್ನು, ಕೂಡಿಸಿದರೆ ಒಗಟು ಬಿಡುತ್ತದೆ. ಶಕ 1160 (ಕ್ರಿ.ಶ. 1238) ವಿಳಂಬಿಯೇ, ಶಕ 1239 (ಕ್ರಿ.ಶ. 1317-18) ಪಿಂಗಳವೇ. ಡಾ. ಬಿ.ಎನ್.ಕೆ. ಶರ್ಮರು ತಮ್ಮ ಗ್ರಂಥಗಳಲ್ಲಿ ಸಮರ್ಥಿಸಿದುದು ಈ ಕಾಲವನ್ನೇ.

ಆದರೂ ಚರ್ಚೆ ಮುಗಿದಿಲ್ಲ. ಮಹಾಭಾರತತಾತ್ಪರ್ಯನಿರ್ಣಯದಲ್ಲಿ ಕಲಿಯ 4300 ವರ್ಷಗಳು ಕಳೆದ ಮೇಲೆ ಅವತಾರವೆಂದು ಹೇಳಲಾಗಿದೆ. ಅದನ್ನು ನಿಖರವಾದ ವರ್ಷವೆಂದು ಗ್ರಹಿಸುವವರು ಶಕ 1121, ಅಂದರೆ ಕ್ರಿ.ಶ. 1199 ಎನ್ನುತ್ತಾರೆ, ಆ ಪಕ್ಷಕ್ಕೂ ಮಾನ್ಯತೆಯುಂಟು. ಆದರೆ 1121ಕ್ಕೆ 12 ಕೂಡಿಸಿದರೆ ಶೇಷ 53, ಸಿದ್ಧಾರ್ಥಿ, ವಿಳಂಬಿಯಲ್ಲ. ‘ಕಳೆದ ಮೇಲೆ’ ಎಂದರೆ ಆ ಬಳಿಕದ ಶತಮಾನದಲ್ಲಿ ಎಂದು ಅರ್ಥ ಮಾಡಿದರೆ, ಕಲಿ 4339 ಆದ ಶಕ 1160 ಆ ವಚನಕ್ಕೂ ವಿರುದ್ಧವಾಗದು.

ಪಟ್ಟಿಗಳಲ್ಲಿ ಅಂಕಿಗಳು ಜಾರಿರಬಹುದು. ವಿಳಂಬಿ, ಪಿಂಗಳ ಎಂಬ ಹೆಸರುಗಳು ಮಾತ್ರ ನಾಲಿಗೆಯಿಂದ ನಾಲಿಗೆಗೆ ಸಾಗಿ ಉಳಿದುಬಂದವು. ಆ ಹೆಸರುಗಳು ಮರೆತುಹೋಗಿದ್ದರೆ ಜಾರಿದ ಅಂಕಿಗಳನ್ನು ತಿದ್ದುವ ದಾರಿಯೇ ಇರುತ್ತಿರಲಿಲ್ಲ. ಸಂಕಲ್ಪದಲ್ಲಿ ಸಂವತ್ಸರದ ಹೆಸರನ್ನು ತಪ್ಪದೆ ಹೇಳಬೇಕೆಂದು ಹಿರಿಯರು ಮಕ್ಕಳಿಗೆ ಕಲಿಸುತ್ತ ಬಂದುದರ ಒಂದು ಪ್ರಯೋಜನ ಇದೂ ಹೌದು.